ಓಜಿಬ್ವೆ ಕತೆಗಳು ಯಾರ ಮಾತಿನಲ್ಲಿ ಉಳಿದವು?

1839ರಲ್ಲಿ ನ್ಯೂಯಾರ್ಕಿನಿಂದ ‘ಆಲ್ಜಿಕ್ ರಿಸರ್ಚಸ್’ ಎಂಬ ಎರಡು ಸಂಪುಟಗಳ ಪುಸ್ತಕ ಹೊರಬಂತು. ಉತ್ತರ ಅಮೆರಿಕದ ಮಹಾಸರೋವರಗಳ ದಂಡೆಯಲ್ಲಿ ಬದುಕಿದ್ದ ಓಜಿಬ್ವೆ ಜನರ ಕತೆಗಳು ಅಷ್ಟು ದೊಡ್ಡ ಸಂಖ್ಯೆಯಲ್ಲಿ ಅಚ್ಚಾದದ್ದು ಅದೇ ಮೊದಲು. ಆ ಕತೆಗಳು ಇಂದಿಗೂ ಓದಲು ಸಿಗುತ್ತವೆ. ಆದರೆ ಅವನ್ನು ಮೊದಲು ಯಾವ ಭಾಷೆಯಲ್ಲಿ ಹೇಳಿದ್ದರೋ ಆ ಭಾಷೆಯನ್ನು ಹುಟ್ಟುಮಾತಾಗಿ ಆಡುವವರು ಅಮೆರಿಕ ಸಂಯುಕ್ತ ಸಂಸ್ಥಾನದ ಭಾಗದಲ್ಲಿ ಈಗ ಸಾವಿರ ಮಂದಿಯೂ ಇಲ್ಲವೆಂಬುದು ಭಾಷೆಯ ಕೆಲಸ ಮಾಡುವವರ ಅಂದಾಜು. ಕೆನಡಾ ಕಡೆ ಸಂಖ್ಯೆ ಹೆಚ್ಚು, ಆದರೆ ಅಲ್ಲಿಯೂ ಎಷ್ಟೋ ಊರುಗಳಲ್ಲಿ ಅಜ್ಜ ಅಜ್ಜಿಯರು ಮಾತ್ರ ಆಡುತ್ತಾರೆ. ಒಂದು ಜನಾಂಗದ ಕತೆಗಳನ್ನು ಬರೆದಿಟ್ಟರೆ ಅದರ ಭಾಷೆಯೂ ಉಳಿದಂತೆ ಎಂಬ ನಂಬಿಕೆ ನಮ್ಮಲ್ಲೂ ಗಟ್ಟಿಯಾಗಿದೆ. ಓಜಿಬ್ವೆಯವರ ಸುಮಾರು ನೂರೆಂಬತ್ತು ವರ್ಷಗಳ ಚರಿತ್ರೆ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಕತೆ ಭಾಷೆಯನ್ನು ಉಳಿಸಬಲ್ಲದು, ಆದರೆ ಅದಕ್ಕೆ ಎರಡು ಷರತ್ತುಗಳಿವೆ. ಕತೆಯನ್ನು ಅದರದೇ ಮಾತಿನಲ್ಲಿ ಹೇಳಿರಬೇಕು, ಮತ್ತು ಕೇಳಿ ಅದೇ ಮಾತಿನಲ್ಲಿ ಮರುಮಾತಾಡಬಲ್ಲ ಎಳೆಯರು ಎದುರಿಗೆ ಕೂತಿರಬೇಕು. ಮೊದಲನೆಯ ಷರತ್ತು ಪೂರೈಸಲು ಹೊರಗಿನವರಿಗೆ ಎಪ್ಪತ್ತು ವರ್ಷ ಹಿಡಿಯಿತು. ಎರಡನೆಯದನ್ನು ಪೂರೈಸಿದವರು ಓಜಿಬ್ವೆ ಹಿರಿಯರೇ, ಅದೂ ಇಪ್ಪತ್ತನೆಯ ಶತಮಾನ ಮುಗಿಯುತ್ತಾ ಬಂದಾಗ.

ಮೊದಲ ಪುಸ್ತಕದಿಂದಲೇ ನೋಡೋಣ. ಅದರ ಮುಖಪುಟದಲ್ಲಿದ್ದ ಹೆಸರು ಹೆನ್ರಿ ರೋ ಸ್ಕೂಲ್‌ಕ್ರಾಫ್ಟ್. ಆತ 1822ರಲ್ಲಿ ಅಮೆರಿಕ ಸರ್ಕಾರದ ಪ್ರತಿನಿಧಿಯಾಗಿ ಸೂ ಸೇಂಟ್ ಮೇರಿ ಎಂಬ ಊರಿಗೆ ಬಂದವನು. ಸುಪೀರಿಯರ್ ಸರೋವರದ ನೀರು ಹ್ಯೂರನ್ ಸರೋವರದತ್ತ ಧುಮುಕುವ ಜಾಗ ಅದು. ಮರುವರ್ಷ ಅವನು ಅಲ್ಲಿನ ತುಪ್ಪುಳು ಚರ್ಮದ ವ್ಯಾಪಾರಿಯ ಮಗಳು ಜೇನ್ ಜಾನ್‌ಸ್ಟನ್‌ಳನ್ನು ಮದುವೆಯಾದ. ಜೇನ್‌ಳ ತಂದೆ ಐರ್ಲೆಂಡಿನವ. ತಾಯಿ ಒಜಾಗಸ್ಕೊಡೆವೆಕ್ವೆ ಓಜಿಬ್ವೆ ಮುಖಂಡ ವಾಬೋಜೀಗ್‌ನ ಮಗಳು. ಸ್ಕೂಲ್‌ಕ್ರಾಫ್ಟ್‌ಗೆ ಸಿಕ್ಕ ಕತೆಗಳಲ್ಲಿ ಬಹಳಷ್ಟು ಈ ಮನೆಯವರದೇ. ಅತ್ತೆ ಹೇಳಿದರು, ಹೆಂಡತಿ ಮತ್ತು ಅವಳ ಒಡಹುಟ್ಟಿದವರು ಇಂಗ್ಲಿಷಿಗೆ ತಂದರು, ಅವನು ತನ್ನ ಕಾಲದ ಓದುಗರ ರುಚಿಗೆ ತಕ್ಕಂತೆ ತಿದ್ದಿ ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದ. ಜೇನ್ ಎರಡೂ ಭಾಷೆಗಳಲ್ಲಿ ಕವಿತೆ ಬರೆದವಳು. ಅವಳ ಬರಹಗಳೆಲ್ಲ ಒಂದೇ ಪುಸ್ತಕವಾಗಿ ಬಂದದ್ದು 2007ರಲ್ಲಿ, ಅವಳು ತೀರಿಕೊಂಡು 165 ವರ್ಷಗಳ ಮೇಲೆ. ಆ ಮನೆಯಲ್ಲಿ ಒಜಾಗಸ್ಕೊಡೆವೆಕ್ವೆ ಓಜಿಬ್ವೆಯಲ್ಲಿ ಹೇಳುತ್ತಿದ್ದ ವಾಕ್ಯಗಳನ್ನು ಹಾಗೆಯೇ ಬರೆದಿಟ್ಟುಕೊಳ್ಳಲು ಬೇಕಾದ ಜನ, ಅಕ್ಷರ, ಕಾಗದ ಎಲ್ಲವೂ ಕೈಯಳತೆಯಲ್ಲಿದ್ದವು. ಹಾಗೆ ಬರೆದಿಡಬೇಕೆಂದು ಪುಸ್ತಕ ಮಾಡಿದವನಿಗೆ ಅನಿಸಲಿಲ್ಲ. ಅವನಿಗೆ ಬೇಕಾಗಿದ್ದದ್ದು ಕಥಾವಸ್ತು, ಮಾತಲ್ಲ.

ಕಥಾವಸ್ತು ಮಾತಿನಿಂದ ಬೇರೆಯಾದರೆ ಅದು ಎಲ್ಲಿಗೆ ಬೇಕಾದರೂ ಹೋಗಬಹುದು ಎಂಬುದಕ್ಕೆ 1855ರ ‘ದಿ ಸಾಂಗ್ ಆಫ್ ಹೈಯಾವಾಥಾ’ ಕಾವ್ಯ ಸಾಕ್ಷಿ. ಅದನ್ನು ಬರೆದ ಅಮೆರಿಕದ ಕವಿ ಲಾಂಗ್‌ಫೆಲೋ ಸ್ಕೂಲ್‌ಕ್ರಾಫ್ಟ್‌ನ ಪುಸ್ತಕಗಳಿಂದ ಓಜಿಬ್ವೆಯವರ ನಾನಾಬೋಜೋವಿನ ಕತೆಗಳನ್ನು ಎತ್ತಿಕೊಂಡು, ಅವುಗಳ ನಾಯಕನಿಗೆ ಇರೊಕ್ವಾ ಎಂಬ ಬೇರೆಯೇ ಜನರ ಮಹಾಪುರುಷನ ಹೆಸರಿಟ್ಟ. ನಾನಾಬೋಜೋ ದೇವಾಂಶದವನು, ಪೆದ್ದನೂ ಹೌದು, ತುಂಟನೂ ಹೌದು, ಜನರಿಗೆ ಬದುಕು ಕಲಿಸಿದವನೂ ಹೌದು. ಕವಿತೆಯಲ್ಲಿ ಅವನು ಗಂಭೀರ ವೀರನಾದ. ಪುಸ್ತಕ ಅಪಾರವಾಗಿ ಮಾರಾಟವಾಯಿತು, ಅಮೆರಿಕದ ಶಾಲಾಮಕ್ಕಳು ತಲೆಮಾರುಗಟ್ಟಲೆ ಅದನ್ನು ಬಾಯಿಪಾಠ ಮಾಡಿದರು. ಅದೇ ತಲೆಮಾರುಗಳಲ್ಲಿ ಓಜಿಬ್ವೆ ಮಕ್ಕಳು ತಮ್ಮ ಭಾಷೆ ಆಡಿದರೆ ಶಾಲೆಯಲ್ಲಿ ಪೆಟ್ಟು ತಿನ್ನುತ್ತಿದ್ದರು. ಕತೆಗೆ ಅಷ್ಟು ಆದರ, ಕತೆ ಹುಟ್ಟಿದ ಮಾತಿಗೆ ಇಷ್ಟು ಶಿಕ್ಷೆ: ಎರಡೂ ಒಂದೇ ದೇಶದಲ್ಲಿ ಒಟ್ಟೊಟ್ಟಿಗೆ ನಡೆದವು. ಕತೆ ಉಳಿದರೆ ಭಾಷೆ ಉಳಿಯುತ್ತದೆ ಎನ್ನುವವರು ಮೊದಲು ಇದಕ್ಕೆ ಉತ್ತರ ಹೇಳಬೇಕು.

ಕತೆಯೊಳಗೆ ಭಾಷೆಯ ಯಾವ ಭಾಗ ಇರುತ್ತದೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ತಮ್ಮನ್ನು ಅನಿಶಿನಾಬೆ ಎಂದು ಕರೆದುಕೊಳ್ಳುವ ಈ ಜನ ಕತೆಗಳಲ್ಲಿ ಎರಡು ಬಗೆ ಮಾಡುತ್ತಾರೆ. ಒಂದು ಆದಿಸೋಕಾನ್, ಅಂದರೆ ಲೋಕ ಹುಟ್ಟಿದ ಬಗೆ, ನಾನಾಬೋಜೋವಿನ ಅಲೆದಾಟ, ಪ್ರಾಣಿಗಳಿಗೆ ಈಗಿನ ರೂಪ ಬಂದದ್ದು ಮುಂತಾದ ಪವಿತ್ರ ಕತೆ. ನೆಲದ ಮೇಲೆ ಹಿಮ ಕೂತಿರುವ ಚಳಿಗಾಲದಲ್ಲಿ ಮಾತ್ರ ಅದನ್ನು ಹೇಳಬೇಕೆಂಬುದು ಕಟ್ಟುನಿಟ್ಟಿನ ವಾಡಿಕೆ. ಇನ್ನೊಂದು ದಿಬಾಜಿಮೋವಿನ್, ಅಂದರೆ ನಡೆದದ್ದರ ವರದಿ: ಬಾಲ್ಯ, ಬೇಟೆ, ಜಗಳ, ಊರಿನ ಚರಿತ್ರೆ. ಇದಕ್ಕೆ ಋತುವಿನ ಕಟ್ಟಿಲ್ಲ. ಯಾವ ಬಗೆಯದಾದರೂ ಸರಿ, ಹೇಳಿಸಿಕೊಳ್ಳಬೇಕೆಂದವರು ಹಿರಿಯರ ಕೈಗೆ ಮೊದಲು ಒಂದಿಷ್ಟು ಹೊಗೆಸೊಪ್ಪು ಕೊಟ್ಟು ಕೇಳಿಕೊಳ್ಳಬೇಕು. ಈ ಕತೆಗಳ ಭಾಷೆಯಲ್ಲಿ ಕ್ರಿಯಾಪದಗಳದೇ ರಾಜ್ಯ. ಒಂದೊಂದು ಧಾತುವೂ ಯಾರು, ಯಾರಿಗೆ, ಹೇಗೆ, ಯಾವ ಸ್ಥಿತಿಯಲ್ಲಿ ಎಂಬುದನ್ನೆಲ್ಲ ತನ್ನೊಳಗೆ ಸೇರಿಸಿಕೊಂಡು ನೂರಾರು ರೂಪ ತಾಳುತ್ತದೆ. ಕನ್ನಡದಲ್ಲಿ ‘ನಾಯಿ ತೋಳವನ್ನು ಕಂಡಿತು, ಅದು ಓಡಿತು’ ಎಂದರೆ ಓಡಿದ್ದು ಯಾವುದು ಎಂದು ಕೇಳಬೇಕಾಗುತ್ತದೆ. ಓಜಿಬ್ವೆಯಲ್ಲಿ ಈ ಗೊಂದಲವೇ ಇಲ್ಲ. ಕತೆಯ ಮುನ್ನೆಲೆಯಲ್ಲಿರುವ ಪ್ರಾಣಿಗೆ ಒಂದು ರೂಪ, ಹಿನ್ನೆಲೆಗೆ ಸರಿದದ್ದಕ್ಕೆ ಬೇರೆ ಪ್ರತ್ಯಯ. ಕ್ರಿಯಾಪದವೂ ಅದಕ್ಕೆ ಹೊಂದಿಕೊಂಡೇ ಬರುತ್ತದೆ. ಕತೆ ಹೇಳುವವರು ನಡುವೆ ಯಾರನ್ನು ಮುಂದಕ್ಕೆ ತರುತ್ತಾರೆ, ಯಾರನ್ನು ಹಿಂದಕ್ಕೆ ಸರಿಸುತ್ತಾರೆ ಎಂಬುದರಲ್ಲೇ ಕಥನದ ಜಾಣ್ಮೆಯಿದೆ. ಶಬ್ದಪಟ್ಟಿಯಲ್ಲಿ, ‘ನಮಸ್ಕಾರ, ನಿಮ್ಮ ಹೆಸರೇನು’ ಮಾದರಿಯ ಪಾಠದಲ್ಲಿ ಇದು ಕಾಣಸಿಗುವುದಿಲ್ಲ. ಇಬ್ಬರು ಮೂವರು ಪಾತ್ರಧಾರಿಗಳು ಓಡಾಡುವ, ಒಂದರ ಮೇಲೊಂದು ಘಟನೆ ಪೋಣಿಸಿದ ದೀರ್ಘ ಮಾತು ಬೇಕು. ಹಾಗಾಗಿಯೇ ಹಿರಿಯರ ಕತೆ ಈ ಭಾಷೆಯ ಅಲಂಕಾರವಲ್ಲ, ಅದರ ವ್ಯಾಕರಣ ಪೂರ್ತಿಯಾಗಿ ಮೈದೋರುವ ಜಾಗ. ಇಂಗ್ಲಿಷಿಗೆ ತಿರುಗಿಸಿದ ಕೂಡಲೇ ಮೊದಲು ಉದುರಿಹೋಗುವುದೂ ಇದೇ.

ಇದನ್ನು ಗ್ರಹಿಸಿ ಮೂಲ ಮಾತನ್ನೇ ಬರೆದುಕೊಂಡವರು ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ವಿಲಿಯಂ ಜೋನ್ಸ್ ಸ್ವತಃ ಫಾಕ್ಸ್ ಜನಾಂಗಕ್ಕೆ ಸೇರಿದವನು, ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋಯಸ್‌ನ ಶಿಷ್ಯ. ಫಾಕ್ಸ್ ಭಾಷೆ ಓಜಿಬ್ವೆಗೆ ಅಕ್ಕತಂಗಿಯಂಥದ್ದು, ಆದ್ದರಿಂದ ಅವನ ಕಿವಿ ಪಳಗಿತ್ತು. 1903ರಿಂದ 1905ರವರೆಗೆ ಸುಪೀರಿಯರ್ ಸರೋವರದ ಸುತ್ತ ತಿರುಗಿ, ಫೋರ್ಟ್ ವಿಲಿಯಂನ ಗಾಗಿಗೆ ಬಿನೆಸಿ ಮೊದಲಾದ ಹಿರಿಯರು ಹೇಳಿದ್ದನ್ನು ಓಜಿಬ್ವೆಯಲ್ಲೇ ಬರೆದುಕೊಂಡ. 1909ರಲ್ಲಿ ಫಿಲಿಪೀನ್ಸಿನಲ್ಲಿ ಅವನ ಕೊಲೆಯಾಯಿತು. ಅವನ ಬರಹಗಳು ಇನ್ನೊಬ್ಬ ವಿದ್ವಾಂಸನ ಸಂಪಾದನೆಯಲ್ಲಿ 1917 ಮತ್ತು 1919ರಲ್ಲಿ ಅಚ್ಚಾದವು. ಎಡಪುಟದಲ್ಲಿ ಓಜಿಬ್ವೆ, ಬಲಪುಟದಲ್ಲಿ ಇಂಗ್ಲಿಷ್. ಅದೇ ಹೊತ್ತಿಗೆ ಫ್ರಾನ್ಸಿಸ್ ಡೆನ್ಸ್‌ಮೋರ್ ಮಿನೆಸೋಟದಲ್ಲಿ ಮೇಣದ ಉರುಳೆಗಳ ಮೇಲೆ ಹಾಡುಗಳನ್ನು ಮುದ್ರಿಸಿಕೊಳ್ಳುತ್ತಿದ್ದಳು. ಮುಂದೆ ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ ಬಂದ. ಪಾಣಿನಿಯನ್ನು ಗುರುವೆಂದು ಗೌರವಿಸಿದ, ಅಷ್ಟಾಧ್ಯಾಯಿಯ ಪದ್ಧತಿಯನ್ನು ಓಜಿಬ್ವೆಯೂ ಸೇರಿದ ಆಲ್ಗಾಂಕ್ವಿಯನ್ ಭಾಷೆಗಳ ಮೇಲೆ ಪ್ರಯೋಗಿಸಿದ ಭಾಷಾವಿಜ್ಞಾನಿ ಈತ. ಸರೋವರಗಳ ಕಾಡಿನ ಭಾಷೆಯೊಂದಕ್ಕೆ ಪಾಣಿನಿಯ ಬೆಳಕು ತಲುಪಿದ್ದು ಹೀಗೆ. ಅವನು 1941ರಲ್ಲಿ ನಾರ್ತ್ ಕ್ಯಾರೊಲೈನಾದ ಚಾಪೆಲ್ ಹಿಲ್‌ನಲ್ಲಿ ನಡೆದ ಭಾಷಾವಿಜ್ಞಾನದ ಶಿಬಿರದಲ್ಲಿ ಮಿಷಿಗನ್‌ನ ಆಂಜಲೀನ್ ವಿಲಿಯಮ್ಸ್ ಎಂಬ ಹಿರಿಯ ಹೆಂಗಸಿನಿಂದ ಕತೆಗಳನ್ನು ಬರೆದುಕೊಂಡ. ಅವು ಪುಸ್ತಕವಾದದ್ದು 1991ರಲ್ಲಿ, ಸರಿಯಾಗಿ ಐವತ್ತು ವರ್ಷಗಳ ನಂತರ. ಆ ಐವತ್ತು ವರ್ಷ ಕತೆಗಳು ಹಾಳೆಯ ಮೇಲೆ ಚೆನ್ನಾಗಿಯೇ ಇದ್ದವು. ಭಾಷೆ ಮಾತ್ರ ಒಂದೊಂದೇ ಮನೆಯಿಂದ ಹೊರಟುಹೋಗುತ್ತಿತ್ತು. ಮೊದಲನೆಯ ಷರತ್ತು ಪೂರೈಸಿತ್ತು. ಎರಡನೆಯದು, ಅಂದರೆ ಎದುರಿಗೆ ಕೂತ ಎಳೆಯರು, ಅಲ್ಲಿರಲಿಲ್ಲ. ಆಂಜಲೀನ್ ವಿಲಿಯಮ್ಸ್ ಕತೆ ಹೇಳಿದ್ದು ಪೆನ್ಸಿಲ್ ಹಿಡಿದ ವಿದ್ವಾಂಸರಿಗೆ, ಮೊಮ್ಮಕ್ಕಳಿಗಲ್ಲ.

ಎಳೆಯರು ಎಲ್ಲಿದ್ದರು? ಶಾಲೆಯಲ್ಲಿ. 1887ರಲ್ಲಿ ಅಮೆರಿಕದ ಇಂಡಿಯನ್ ವ್ಯವಹಾರಗಳ ಆಯುಕ್ತ ಅಟ್ಕಿನ್ಸ್, ಮೀಸಲು ಪ್ರದೇಶಗಳ ಶಾಲೆಗಳಲ್ಲಿ ಮೂಲನಿವಾಸಿಗಳ ಯಾವ ಭಾಷೆಯಲ್ಲೂ ಪಾಠ ಹೇಳಕೂಡದೆಂದು ಆಜ್ಞೆ ಹೊರಡಿಸಿದ. ಅದಕ್ಕೂ ನಾಲ್ಕು ವರ್ಷ ಮುಂಚೆ, 1883ರ ನಿಯಮಾವಳಿ ಅವರ ಧಾರ್ಮಿಕ ಆಚರಣೆಗಳನ್ನು ಅಪರಾಧದ ಪಟ್ಟಿಗೆ ಸೇರಿಸಿತ್ತು. ಮಿಷಿಗನ್‌ನ ಮೌಂಟ್ ಪ್ಲೆಸೆಂಟ್‌ನಂಥ ವಸತಿ ಶಾಲೆಗಳು 1890ರ ದಶಕದಲ್ಲಿ ತೆರೆದವು; ಮಕ್ಕಳನ್ನು ಮನೆಯಿಂದ ದೂರ ಒಯ್ದು, ಕೂದಲು ಕತ್ತರಿಸಿ, ಹೊಸ ಹೆಸರಿಟ್ಟು ಇಂಗ್ಲಿಷಿನಲ್ಲೇ ಬೆಳೆಸಿದವು. ಕೆನಡಾದಲ್ಲಿ ಈ ವ್ಯವಸ್ಥೆ ಇನ್ನೂ ದೀರ್ಘ. 1990ರ ದಶಕದವರೆಗೂ ಕೊನೆಯ ಶಾಲೆಗಳು ನಡೆದವು. ಸತ್ಯ ಮತ್ತು ಸಮನ್ವಯ ಆಯೋಗದ 2015ರ ವರದಿಯಂತೆ ಎಲ್ಲ ಜನಾಂಗಗಳೂ ಸೇರಿ ಸುಮಾರು 1,50,000 ಮಕ್ಕಳು ಆ ಶಾಲೆಗಳಲ್ಲಿ ಹಾಯ್ದುಹೋದರು. ಒಂಟಾರಿಯೋದ ಸ್ಪ್ಯಾನಿಷ್ ಎಂಬ ಊರಿನ ಜೆಸ್ಯೂಟ್ ಶಾಲೆಗೆ 1939ರಲ್ಲಿ ಸೇರಿದ ಬೇಸಿಲ್ ಜಾನ್‌ಸ್ಟನ್ ಮುಂದೆ ದೊಡ್ಡ ಓಜಿಬ್ವೆ ಲೇಖಕನಾಗಿ ಆ ದಿನಗಳ ಬಗ್ಗೆ ಬರೆದ. ಶಾಲೆ ಮಾಡಿದ ಹಾನಿಯನ್ನು ಎಷ್ಟೋ ಜನ ಪೆಟ್ಟಿನ ಲೆಕ್ಕದಲ್ಲಿ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಭಾಷೆಯ ಮಟ್ಟಿಗೆ ಹೆಚ್ಚು ಆಳವಾದ ಹಾನಿ ಕ್ಯಾಲೆಂಡರಿನದು. ಸೆಪ್ಟೆಂಬರಿನಿಂದ ಬೇಸಿಗೆಯವರೆಗೆ ಮಕ್ಕಳು ಶಾಲೆಯಲ್ಲಿ. ಹಿಮ ಬಿದ್ದ ತಿಂಗಳುಗಳಲ್ಲಿ ಮನೆಯಲ್ಲಿ ಕತೆ ಕೇಳಲು ಯಾರೂ ಇಲ್ಲ. ರಜೆಗೆ ಬಂದರೆ ಆಗ ಪವಿತ್ರ ಕತೆ ಹೇಳುವ ಕಾಲವೇ ಅಲ್ಲ. ಇಂಥ ಮಕ್ಕಳು ದೊಡ್ಡವರಾದ ಮೇಲೆ ತಮ್ಮ ಮಕ್ಕಳನ್ನು ಪೆಟ್ಟಿನಿಂದ ಕಾಪಾಡಲೆಂದು ಇಂಗ್ಲಿಷನ್ನೇ ಆಡಿದರು. ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ.

ತಿರುವು ಬಂದದ್ದು 1970ರ ದಶಕದಲ್ಲಿ, ಅದಕ್ಕೆ ರಾಜಕೀಯ ಎಚ್ಚರವೂ ಕಾರಣ. 1968ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಹುಟ್ಟಿದ ಅಮೆರಿಕನ್ ಇಂಡಿಯನ್ ಮೂವ್‌ಮೆಂಟಿನ ಸ್ಥಾಪಕರಲ್ಲಿ ಒಬ್ಬನಾದ ಎಡ್ವರ್ಡ್ ಬೆಂಟನ್ ಬನಾಯ್ ಸೇಂಟ್ ಪಾಲ್‌ನಲ್ಲಿ ರೆಡ್ ಸ್ಕೂಲ್ ಹೌಸ್ ಎಂಬ ಶಾಲೆ ತೆರೆದ. ಸರ್ಕಾರಿ ಶಾಲೆ ಮುರಿದದ್ದನ್ನು ಶಾಲೆಯಲ್ಲೇ ಕಟ್ಟಬೇಕೆಂಬ ಹಟ ಅದು. 1978ರ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆಯಿಂದ ಆಚರಣೆಗಳಿಗೆ ಮುಚ್ಚುಮರೆ ಬೇಕಿಲ್ಲವಾಯಿತು. ಆದರೆ ನನ್ನ ದೃಷ್ಟಿಯಲ್ಲಿ ಭಾಷೆಯ ಚರಿತ್ರೆಗೆ ಆ ದಶಕದ ಅತಿ ಮುಖ್ಯ ಘಟನೆ ಮಿನೆಸೋಟದ ಮಿಲ್ ಲಾಕ್ಸ್‌ನಲ್ಲಿ, ಮಾಡ್ ಕೆಗ್ ಎಂಬ ಹಿರಿಯಜ್ಜಿ ಹೇಳುತ್ತಾ ಜಾನ್ ನಿಕೋಲ್ಸ್ ಎಂಬ ಭಾಷಾವಿಜ್ಞಾನಿ ಬರೆದುಕೊಳ್ಳುತ್ತಾ ಕೂತದ್ದು. 1904ರಲ್ಲಿ ಹುಟ್ಟಿದ ಮಾಡ್ ಕೆಗ್‌ರನ್ನು ಸಾಕಿದವರು ಅವರ ಅಜ್ಜಿ ಆಕೊಗ್ವಾನ್. ಮಣಿ ಪೋಣಿಸಿ ಮಾಡುವ ಕಸೂತಿಯಲ್ಲಿ ಮಾಡ್ ಕೆಗ್ ನುರಿತವರು. 1990ರಲ್ಲಿ ರಾಷ್ಟ್ರೀಯ ಪಾರಂಪರಿಕ ಗೌರವವೂ ಅವರಿಗೆ ಸಂದಿತು. ಅವರು ನಿಕೋಲ್ಸ್‌ಗೆ ಹೇಳಿದ ಬಾಲ್ಯದ ಕತೆಗಳು ಓಜಿಬ್ವೆ ಮತ್ತು ಇಂಗ್ಲಿಷ್ ಎರಡರಲ್ಲೂ ‘ಪೋರ್ಟೇಜ್ ಲೇಕ್’ ಎಂಬ ಹೆಸರಿನಲ್ಲಿ 1991ರಲ್ಲಿ ಪುಸ್ತಕವಾಗಿ ಬಂದವು.

ಆ ಬಾಲ್ಯದ ಲೋಕ ಎಂಥದ್ದೆಂದು ಕಾಣಲು ಸರೋವರದ ಕಾಡಕ್ಕಿಯ ಕೊಯ್ಲನ್ನು ನೋಡಿದರೆ ಸಾಕು. ಓಜಿಬ್ವೆಯವರ ವಲಸೆಯ ಪುರಾಣವೇ ನೀರಿನ ಮೇಲೆ ಬೆಳೆಯುವ ಆಹಾರ ಸಿಗುವವರೆಗೆ ಪಡುವಣಕ್ಕೆ ನಡೆಯಿರಿ ಎಂದು ಹೇಳುತ್ತದೆ. ಆ ಆಹಾರ ಮನೋಮಿನ್ ಎಂಬ ಈ ಅಕ್ಕಿ. ಬೇಸಿಗೆ ಮುಗಿಯುವ ಹೊತ್ತಿಗೆ ದೋಣಿಯನ್ನು ಒಬ್ಬರು ಗಳದಿಂದ ತಳ್ಳುತ್ತಾರೆ, ಇನ್ನೊಬ್ಬರು ಎರಡು ಕೋಲು ಹಿಡಿದು, ಒಂದರಿಂದ ತೆನೆಯನ್ನು ದೋಣಿಯೊಳಕ್ಕೆ ಬಾಗಿಸಿ ಇನ್ನೊಂದರಿಂದ ಬಡಿಯುತ್ತಾರೆ. ದಡಕ್ಕೆ ತಂದ ಕಾಳನ್ನು ಒಣಗಿಸಿ, ಕಡಾಯಿಯಲ್ಲಿ ಕೈಬಿಡದೆ ಹುರಿಯುತ್ತಾರೆ. ನೆಲದ ಗುಳಿಯಲ್ಲಿ ಹಾಕಿ, ಹೊಸ ಮೆದು ಚರ್ಮದ ಪಾದರಕ್ಷೆ ತೊಟ್ಟು, ಹಗುರ ಮೈಯವರು ಕುಣಿದಂತೆ ತುಳಿದು ಹೊಟ್ಟು ಬಿಡಿಸುತ್ತಾರೆ. ಆಮೇಲೆ ಬರ್ಚ್ ಮರದ ತೊಗಟೆಯ ತಟ್ಟೆಯಲ್ಲಿ ಗಾಳಿಗೆ ಕೇರುತ್ತಾರೆ. ಬಡಿ, ಹುರಿ, ತುಳಿ, ಕೇರು ಎಂದು ನಮ್ಮ ಭತ್ತದ ಕಣದಲ್ಲೂ ಬೇರೆ ಬೇರೆ ಕ್ರಿಯೆಗೆ ಬೇರೆ ಬೇರೆ ಮಾತಿರುವಂತೆ ಓಜಿಬ್ವೆಯಲ್ಲೂ ಇದೆ, ಇನ್ನೂ ಸೂಕ್ಷ್ಮವಾಗಿ ಇದೆ. ಈ ಕೆಲಸಗಳ ನಡುವೆ ಬೆಳೆದ ಅಜ್ಜಿಯೊಬ್ಬರು ತಮ್ಮ ಅಜ್ಜಿಯ ಜೊತೆ ಕಳೆದ ದಿನಗಳನ್ನು ಹೇಳುವಾಗ ಆ ಕ್ರಿಯಾಪದಗಳು ತಮ್ಮ ತಮ್ಮ ಜಾಗದಲ್ಲಿ, ಸರಿಯಾದ ಪ್ರತ್ಯಯದೊಂದಿಗೆ, ಯಾರು ಯಾರಿಗೆ ಏನು ಹೇಳಿದರು ಎಂಬ ಸಂದರ್ಭದಲ್ಲಿ ಬಂದು ಕೂರುತ್ತವೆ. ಅದು ಪವಿತ್ರ ಕತೆಯಲ್ಲ, ದಿಬಾಜಿಮೋವಿನ್. ಯಾವ ಋತುವಿನಲ್ಲಾದರೂ ಓದಬಹುದು, ತರಗತಿಯಲ್ಲಿ ಇಟ್ಟು ಕಲಿಸಬಹುದು. ಮಾಡ್ ಕೆಗ್ ಹೇಳಿದ ಮಾತು ನಿಕೋಲ್ಸ್ ಮತ್ತು ಅರ್ಲ್ ನೈಹೋಮ್ ಸೇರಿ 1995ರಲ್ಲಿ ತಂದ ಮಿನೆಸೋಟ ಓಜಿಬ್ವೆಯ ನಿಘಂಟಿಗೂ ನೆಲೆಗಟ್ಟಾಯಿತು. ನಿಘಂಟಿನಿಂದ ಕತೆ ಹುಟ್ಟಲಿಲ್ಲ, ಕತೆಯಿಂದ ನಿಘಂಟು ಹುಟ್ಟಿತು. ಈ ಕ್ರಮವನ್ನು ಭಾಷೆ ಉಳಿಸುವ ಯೋಜನೆ ಮಾಡುವವರೆಲ್ಲ ಗಮನಿಸಬೇಕು.

ಕೆಗ್‌ರ ನಂತರ ಹಿರಿಯರು ಒಬ್ಬೊಬ್ಬರಾಗಿ ಮುಂದೆ ಬಂದರು. ವಿಸ್ಕಾನ್ಸಿನ್‌ನ ಸೇಂಟ್ ಕ್ರಾಯ್ ಸಮುದಾಯದ ಆಚಾರ್ಯ ಆರ್ಚಿ ಮೋಸೇ 1901ರಲ್ಲಿ ಹುಟ್ಟಿದವರು. ಪ್ರಿನ್ಸ್‌ಟನ್‌ನಲ್ಲಿ ಓದಿ ಬಂದ ಆಂಟನ್ ಟ್ರಾಯರ್ ಎಂಬ ಓಜಿಬ್ವೆ ತರುಣ ಅವರ ಬಳಿ ಶಿಷ್ಯನಾಗಿ ನಿಂತ. ಮೋಸೇ ಮತ್ತಿತರ ಹಿರಿಯರ ಮಾತುಗಳನ್ನು ಅವನು ಬೆಮಿಜಿ ಸ್ಟೇಟ್ ವಿಶ್ವವಿದ್ಯಾಲಯದ ‘ಓಶ್ಕಾಬೆವಿಸ್ ನೇಟಿವ್ ಜರ್ನಲ್’ ಪತ್ರಿಕೆಯಲ್ಲಿ ಎರಡೂ ಭಾಷೆಗಳಲ್ಲಿ ಪ್ರಕಟಿಸಿ, 2001ರಲ್ಲಿ ‘ಲಿವಿಂಗ್ ಅವರ್ ಲಾಂಗ್ವೇಜ್’ ಎಂಬ ಪುಸ್ತಕವಾಗಿ ತಂದ. ಇಲ್ಲಿ ಹಿಂದಿನ ನೂರು ವರ್ಷಗಳಲ್ಲಿ ಇಲ್ಲದ ಒಂದು ಬದಲಾವಣೆ ಇದೆ. ಬರೆದುಕೊಂಡವನು ಅದೇ ಜನಾಂಗದವನು, ಭಾಷೆಯನ್ನು ಪ್ರಯತ್ನಪಟ್ಟು ಕಲಿತವನು, ಮುಂದೆ ಕಲಿಸಲಿರುವವನು. ಹಿರಿಯರು ಪೆನ್ಸಿಲ್ ಹಿಡಿದ ವಿದ್ವಾಂಸನಿಗೆ ಹೇಳುವುದರ ಬದಲು ಉತ್ತರಾಧಿಕಾರಿಗೆ ಹೇಳಿದರು. ಎರಡನೆಯ ಷರತ್ತು ಪೂರೈಸತೊಡಗಿದ್ದು ಇಲ್ಲಿಂದ.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು: ಬೋಧನೆ ಮುಖ್ಯ, ಭಾಷೆ ಹೊರಕವಚ, ಇಂಗ್ಲಿಷಿನಲ್ಲಿ ಹೇಳಿದರೂ ಮೌಲ್ಯ ತಲುಪುತ್ತದಲ್ಲ? ಹೀಗೆ ಹೇಳುವವರಿಗೆ ಬಲವಾದ ಆಧಾರವೇ ಇದೆ. ಬೇಸಿಲ್ ಜಾನ್‌ಸ್ಟನ್‌ನ ‘ಓಜಿಬ್ವೆ ಹೆರಿಟೇಜ್’ 1976ರಲ್ಲಿ ಬಂದದ್ದು ಇಂಗ್ಲಿಷಿನಲ್ಲೇ. ಬೆಂಟನ್ ಬನಾಯ್ 1979ರಲ್ಲಿ ಅಜ್ಜನ ಮಾತಿನ ರೂಪದಲ್ಲಿ ಮಕ್ಕಳಿಗೆ ಬರೆದ ‘ದಿ ಮಿಶೋಮಿಸ್ ಬುಕ್’ ಕೂಡ ಇಂಗ್ಲಿಷಿನದೇ. ಭಾಷೆ ಕಳೆದುಕೊಂಡ ಸಾವಿರಾರು ಮಕ್ಕಳಿಗೆ ತಾವು ಯಾರೆಂದು ತಿಳಿದದ್ದು ಈ ಪುಸ್ತಕಗಳಿಂದ. ಅವುಗಳ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಜಾನ್‌ಸ್ಟನ್ ಅಲ್ಲಿಗೆ ನಿಲ್ಲಲಿಲ್ಲ ಎಂಬುದನ್ನು ಮರೆಯಬಾರದು. ಟೊರೊಂಟೊದ ರಾಯಲ್ ಒಂಟಾರಿಯೋ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಾ ಅವನು ಓಜಿಬ್ವೆ ಪಾಠಗಳನ್ನೂ ಪದಕೋಶವನ್ನೂ ಸಿದ್ಧಪಡಿಸಿದ. ಭಾಷೆ ಅಳಿವಿನಿಂದ ಒಂದೇ ತಲೆಮಾರಿನ ದೂರದಲ್ಲಿದೆ ಎಂಬ ಎಚ್ಚರಿಕೆಯನ್ನೇ ತಲೆಬರಹವಾಗಿಟ್ಟು 1990ರಲ್ಲಿ ಪ್ರಬಂಧ ಬರೆದ. ಇಂಗ್ಲಿಷಿನಲ್ಲಿ ಅತ್ಯುತ್ತಮವಾಗಿ ಕತೆ ಹೇಳಿದವನೇ ಇಂಗ್ಲಿಷ್ ಸಾಲದು ಎಂದಾಗ ಆ ಸಾಕ್ಷ್ಯಕ್ಕೆ ತೂಕವಿದೆ. ಇಂಗ್ಲಿಷ್ ಪುಸ್ತಕ ಹಸಿವು ಹುಟ್ಟಿಸಿತು. ಊಟ ಬೇರೆ ಕಡೆಯಿಂದ ಬರಬೇಕಿತ್ತು.

ಎರಡನೆಯ ಆಕ್ಷೇಪ ಒಳಗಿನವರದು. ಕತೆ ಬಾಯಿಂದ ಕಿವಿಗೆ ಹೋಗಬೇಕಾದದ್ದು, ಋತು ನೋಡಿ, ಕೇಳುವವರ ಯೋಗ್ಯತೆ ನೋಡಿ ಹೇಳಬೇಕಾದದ್ದು. ಅಚ್ಚು ಹಾಕಿದರೆ, ಧ್ವನಿಮುದ್ರಣ ಮಾಡಿದರೆ ಬೇಸಿಗೆಯಲ್ಲಿ ಯಾರೋ ಅಪರಿಚಿತರು ತೆರೆದು ನೋಡುತ್ತಾರೆ. ಸ್ಕೂಲ್‌ಕ್ರಾಫ್ಟ್ ಮತ್ತು ಲಾಂಗ್‌ಫೆಲೋ ಮಾಡಿದ್ದನ್ನು ನೆನೆದರೆ ಈ ಭಯ ಸರಿಯಾದದ್ದೇ. ಇದಕ್ಕೆ ಹಿರಿಯರು ಕೊಟ್ಟ ಉತ್ತರ ಎಲ್ಲವನ್ನೂ ಬಿಚ್ಚಿಡುವುದೂ ಅಲ್ಲ, ಎಲ್ಲವನ್ನೂ ಮುಚ್ಚಿಡುವುದೂ ಅಲ್ಲ. ಬಾಲ್ಯದ ನೆನಪು, ಕೆಲಸಗಳ ವಿವರ, ನಗೆಯ ಪ್ರಸಂಗ ಇಂಥದ್ದನ್ನು ಧಾರಾಳವಾಗಿ ಮುದ್ರಣಕ್ಕೆ ಕೊಟ್ಟರು. ಮಿದೇವಿವಿನ್ ಎಂಬ ವೈದ್ಯ ಮತ್ತು ಧಾರ್ಮಿಕ ಸಂಘದ ಬೋಧನೆಗಳನ್ನು ಆಚರಣೆಯ ಮನೆಯೊಳಗೇ ಇಟ್ಟುಕೊಂಡರು. ಆ ಸಂಘದವರು ಬರ್ಚ್ ತೊಗಟೆಯ ಸುರುಳಿಗಳ ಮೇಲೆ ಚಿತ್ರ ಕೊರೆದು, ನೆನಪಿಗೆ ಆಧಾರವಾಗಿ ತಲೆಮಾರುಗಳಿಂದ ಬಳಸುತ್ತಾ ಬಂದವರು. ಅಂದರೆ ಗುರುತು ಮಾಡಿ ಇಟ್ಟುಕೊಳ್ಳುವುದು ಈ ಪರಂಪರೆಗೆ ಹೊಸತಲ್ಲ. ಏನನ್ನು ಗುರುತು ಮಾಡಬೇಕು, ಯಾರು ಓದಬೇಕು ಎಂಬ ತೀರ್ಮಾನ ತಮ್ಮದಾಗಿರಬೇಕೆಂಬುದೇ ಅವರ ಹಳೆಯ ನಿಯಮ. 1839ರಲ್ಲಿ ಮುರಿದದ್ದು ಆ ನಿಯಮ. 1970ರ ನಂತರ ಹಿರಿಯರು ಕಾಗದವನ್ನು ಒಪ್ಪಿಕೊಂಡದ್ದು ಆ ನಿಯಮವನ್ನು ಮರಳಿ ಕೈಗೆ ತೆಗೆದುಕೊಂಡು.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿ. ಕತೆ ಕೇಳಿ ಯಾರೂ ಭಾಷೆ ಕಲಿಯುವುದಿಲ್ಲ. ನೆಲ, ಮನೆ, ಸಮುದಾಯ ಉಳಿದಲ್ಲಿ ಭಾಷೆ ತಾನಾಗಿ ಉಳಿಯುತ್ತದೆ ಎಂಬುದು ಅದು. ರೆಡ್ ಲೇಕ್ ಮೀಸಲು ಪ್ರದೇಶದ ಪೊನಿಮಾ ಊರು ಇದಕ್ಕೆ ಸಾಕ್ಷಿ. 1889ರ ನೆಲ್ಸನ್ ಕಾಯ್ದೆಯ ಹೊತ್ತಿಗೆ ಉಳಿದ ಕಡೆ ಭೂಮಿಯನ್ನು ತುಂಡು ತುಂಡಾಗಿ ಹಂಚಿದಾಗ ರೆಡ್ ಲೇಕ್‌ನವರು ಒಪ್ಪದೆ ತಮ್ಮ ನೆಲವನ್ನು ಸಮುದಾಯದ ಹೆಸರಿನಲ್ಲೇ ಉಳಿಸಿಕೊಂಡರು. ಪೊನಿಮಾದವರು ಹಳೆಯ ಆಚರಣೆಗಳನ್ನೂ ಬಿಡಲಿಲ್ಲ. ಮಿನೆಸೋಟದಲ್ಲಿ ಹುಟ್ಟುಮಾತಿನ ಓಜಿಬ್ವೆ ಹೆಚ್ಚು ಕಾಲ ಬಾಳಿದ್ದು ಅಲ್ಲೇ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಈ ಆಕ್ಷೇಪ ಪೊನಿಮಾ ಅಲ್ಲದ ಊರುಗಳ ಜನ ಏನು ಮಾಡಬೇಕೆಂದು ಹೇಳುವುದಿಲ್ಲ. ನೆಲ ಹೋಗಿದೆ, ಅಪ್ಪ ಅಮ್ಮನಿಗೆ ಭಾಷೆ ಬರುವುದಿಲ್ಲ, ಊರಿನಲ್ಲಿ ಎಂಬತ್ತು ದಾಟಿದ ನಾಲ್ಕೈದು ಹಿರಿಯರಿದ್ದಾರೆ. ಅಲ್ಲಿ ಭಾಷೆಯ ಪೂರ್ಣ ರೂಪ ಇರುವುದು ಆ ಹಿರಿಯರ ಬಾಯಲ್ಲಿ ಮಾತ್ರ. ಅವರನ್ನು ಮಕ್ಕಳ ಮುಂದೆ ಕೂರಿಸುವ ಹೊಸ ಜಾಗವೊಂದನ್ನು ಕಟ್ಟಲೇಬೇಕು.

ಅಂಥ ಜಾಗಗಳಲ್ಲಿ ಮುಂಚೂಣಿಯದು ವಿಸ್ಕಾನ್ಸಿನ್‌ನ ಹೇವರ್ಡ್ ಬಳಿ, ಲಾ ಕೂರ್ಟ್ ಒರೇ ಮೀಸಲು ಪ್ರದೇಶದಲ್ಲಿ 2000ದ ಹೊತ್ತಿಗೆ ಶುರುವಾದ ವಾಡೋಕೋಡಾಡಿಂಗ್ ಶಾಲೆ. ಅಲ್ಲಿ ಗಣಿತ, ವಿಜ್ಞಾನ, ಓದು ಬರಹ ಎಲ್ಲವೂ ಓಜಿಬ್ವೆಯಲ್ಲೇ. ವಸಂತದಲ್ಲಿ ಮೇಪಲ್ ಮರದ ರಸ ಇಳಿಸಿ ಸಕ್ಕರೆ ಮಾಡುವುದು, ಕಾಡಕ್ಕಿಯ ಕೊಯ್ಲು ಇವೆಲ್ಲ ಪಠ್ಯದ ಭಾಗ. ಶಿಕ್ಷಕರಲ್ಲಿ ಬಹಳ ಮಂದಿ ಭಾಷೆಯನ್ನು ದೊಡ್ಡವರಾದ ಮೇಲೆ ಕಲಿತವರು. ಅವರ ತಪ್ಪು ತಿದ್ದಲು, ಮಕ್ಕಳಿಗೆ ಹುಟ್ಟುಮಾತಿನ ಲಯ ಕೇಳಿಸಲು ಹಿರಿಯರು ತರಗತಿಯಲ್ಲೇ ಇರುತ್ತಿದ್ದರು. ಪಾಠ ಮುಂದೆ ಹೋದಂತೆ ಗುಣಾಕಾರಕ್ಕೆ, ಭೂಗೋಳಕ್ಕೆ, ವಿಜ್ಞಾನಕ್ಕೆ ಮಾತು ಬೇಕಾಯಿತು. ಹಿರಿಯರೂ ಶಿಕ್ಷಕರೂ ಒಟ್ಟಿಗೆ ಕೂತು ಆ ಪದಗಳನ್ನು ಕಟ್ಟಿದರು. ಅವು 2009ರಲ್ಲಿ ‘ಆನೀನ್ ಎಕಿಡೊಂಗ್’ ಎಂಬ ಪುಸ್ತಕವಾದವು. ಇವು ಸಮಿತಿಯಲ್ಲಿ ಹುಟ್ಟಿದ ಕೃತಕ ಪದಗಳೆಂದು ಮೂಗು ಮುರಿಯುವವರಿದ್ದಾರೆ. ಆದರೆ ಹಿರಿಯರು ಮಾಡಿದ್ದು ಕತೆ ಹೇಳುವಾಗ ಮಾಡುವುದನ್ನೇ: ವಸ್ತು ಏನು ಮಾಡುತ್ತದೆ, ಹೇಗೆ ಕಾಣುತ್ತದೆ ಎಂದು ವಿವರಿಸಿ, ಆ ವಿವರಣೆಯನ್ನು ಧಾತು ಮತ್ತು ಪ್ರತ್ಯಯಗಳಿಂದ ಒಂದೇ ಮಾತಾಗಿ ಹೆಣೆದರು. ಕತೆಗಾರರು ಇಲ್ಲದಿದ್ದರೆ ಶಾಲೆಗೆ ಪಠ್ಯವೂ ಇರುತ್ತಿರಲಿಲ್ಲ. ವೀಗ್ವಾಸ್ ಪ್ರೆಸ್ 2010ರಲ್ಲಿ ಒಂದಕ್ಷರ ಇಂಗ್ಲಿಷ್ ಇಲ್ಲದ ಮಕ್ಕಳ ಪುಸ್ತಕ ‘ಅವೆಸೀನ್ಯೆನ್ಸಗ್’ ತಂದದ್ದು ಹಿರಿಯರೂ ತರುಣ ಶಿಕ್ಷಕರೂ ಸೇರಿ ಬರೆದದ್ದರಿಂದ. ಮಿನೆಸೋಟ ವಿಶ್ವವಿದ್ಯಾಲಯ 2012ರಲ್ಲಿ ತೆರೆದ ಓಜಿಬ್ವೆ ಜನರ ನಿಘಂಟಿನಲ್ಲಿ ಪೊನಿಮಾದ ಯೂಜೀನ್ ಸ್ಟಿಲ್‌ಡೇ, ಒಂಟಾರಿಯೋದ ನ್ಯಾನ್ಸಿ ಜೋನ್ಸ್ ಮುಂತಾದ ಹಿರಿಯರ ಧ್ವನಿಯಲ್ಲೇ ಪದಗಳು ಕೇಳಿಸುತ್ತವೆ. 2024ರಲ್ಲಿ ‘ಸ್ಟಾರ್ ವಾರ್ಸ್’ ಚಿತ್ರ ಓಜಿಬ್ವೆ ಮಾತಿನಲ್ಲಿ ವಿನಿಪೆಗ್‌ನಲ್ಲಿ ತೆರೆಕಂಡದ್ದೂ ಈ ಸಿದ್ಧತೆಯ ಫಲವೇ. ಕಾನೂನಿನ ಬೆಂಬಲವೂ ತಡವಾಗಿ ಬಂತು: ಅಮೆರಿಕದಲ್ಲಿ 1990ರ ಮೂಲನಿವಾಸಿ ಭಾಷೆಗಳ ಕಾಯ್ದೆ ಮತ್ತು 2006ರ ಎಸ್ತರ್ ಮಾರ್ಟಿನೆಜ್ ಕಾಯ್ದೆ, ಕೆನಡಾದಲ್ಲಿ 2019ರ ಕಾಯ್ದೆ.

ಈ ಕಾಯ್ದೆಗಳಿಂದ ಬರುವ ಹಣ ಅನುದಾನದ ರೂಪದಲ್ಲಿ, ಕೆಲವೇ ವರ್ಷಗಳ ಅವಧಿಗೆ ಬರುತ್ತದೆ. ಮಗು ಒಂದು ಭಾಷೆಯಲ್ಲಿ ಬೆಳೆದು ದೊಡ್ಡದಾಗಲು ಹದಿನೈದು ವರ್ಷವಾದರೂ ಬೇಕು. ಹಣ ಹಂಚುವವರಿಗೆ ಧ್ವನಿಮುದ್ರಿಕೆ, ದತ್ತಕೋಶ, ತಂತ್ರಾಂಶ ಇಂಥ ಲೆಕ್ಕ ಒಪ್ಪಿಸಬಹುದಾದ ವಸ್ತುಗಳ ಮೇಲೆ ಒಲವು ಹೆಚ್ಚು. ಹಿರಿಯರೊಬ್ಬರು ದಿನವೂ ಬೆಳಗ್ಗೆ ಆರು ವರ್ಷದ ಮಕ್ಕಳ ನಡುವೆ ಕೂತು ಮಾತಾಡಿದ್ದಕ್ಕೆ ಕೊಡುವ ಸಂಬಳ ಅವರ ಲೆಕ್ಕದಲ್ಲಿ ಕೊನೆಗೆ ಬರುತ್ತದೆ. ಓಜಿಬ್ವೆಯವರ ಚರಿತ್ರೆ ನೋಡಿದರೆ ಅದು ಮೊದಲು ಬರಬೇಕು. ಮಾಡ್ ಕೆಗ್ ಮತ್ತು ಆರ್ಚಿ ಮೋಸೇ ಇಬ್ಬರೂ 1996ರಲ್ಲಿ ತೀರಿಕೊಂಡರು, ಬೇಸಿಲ್ ಜಾನ್‌ಸ್ಟನ್ 2015ರಲ್ಲಿ, ಬೆಂಟನ್ ಬನಾಯ್ 2020ರಲ್ಲಿ. ಇನ್ನು ಉಳಿದಿರುವ ಹುಟ್ಟುಮಾತಿನ ಹಿರಿಯರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು. ಅನುದಾನದ ಮೊದಲ ಪಾಲು ಅವರ ಬೆಳಗಿನ ಹೊತ್ತಿಗೆ ಹೋಗಲಿ, ಯಂತ್ರಗಳಿಗೆ ಆಮೇಲೆ ಕೊಡಬಹುದು.